ಅಜ್ಜ ನನಗಾಗಿ ಬರೆದಿಟ್ಟ ಸಾಲು

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಕಾಲೇಜಿನ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳಾಗಿ ದಯಮಾಡಿಸಿರುವ ನಮ್ಮ ದ್ವೀಪದ ಒಡೆಯರೇ, ಪ್ರಾರ್ಥನೆಯಿಂದ ಸಭೆಯನ್ನು ಆರಂಭಿಸಿಕೊಟ್ಟ ಪೂಜ್ಯ ಪಾದ್ರಿಗಳೇ, ಗುರುಗಳೇ, ಪಾಲಕರೇ, ಸಹಪಾಠಿಗಳೇ ಮತ್ತು ಸಭಿಕರೇ,

ಟೊಂಗಾದಲ್ಲಿ ಹುಟ್ಟಿದ ಯಾರೂ ಅಪ್ಪಣೆ ಬೇಡದೆ ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಆದ್ದರಿಂದ ಈ ಸಭಾಂಗಣದಲ್ಲಿರುವ ದೈವಸಾನ್ನಿಧ್ಯದ ಅಪ್ಪಣೆಯನ್ನು ಬೇಡುತ್ತೇನೆ. ಒಡೆಯರ ಮನೆತನದ ಅಪ್ಪಣೆಯನ್ನು ಬೇಡುತ್ತೇನೆ. ಪಾದ್ರಿಗಳ ಅಪ್ಪಣೆಯನ್ನು ಬೇಡುತ್ತೇನೆ. ಕೊನೆಯದಾಗಿ, ಮೊದಲ ಸಾಲಿನಲ್ಲಿ ಶೋಕದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕುಳಿತಿರುವ, ನನ್ನ ತಂದೆಯ ಅಕ್ಕನೂ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಎತ್ತರದ ಸ್ಥಾನದವರೂ ಆದ ತೋಕಿಲೂಪೆ ಅತ್ತೆಯವರ ಅಪ್ಪಣೆಯನ್ನು ಬೇಡುತ್ತೇನೆ. ಮೊದಲ ಮೂರು ಅಪ್ಪಣೆಗಳು ಪ್ರಾಂಶುಪಾಲರು ತಿದ್ದಿಕೊಟ್ಟ ಪ್ರತಿಯಲ್ಲಿವೆ. ನಾಲ್ಕನೆಯದನ್ನು ಇಂದು ಬೆಳಗ್ಗೆ ನಾನೇ ಸೇರಿಸಿಕೊಂಡೆ.

ಈ ವರ್ಷದ ಪ್ರಥಮ ಸ್ಥಾನದ ಪದಕ ನನ್ನ ಕೊರಳಿನಲ್ಲಿದೆ. ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಮತ್ತು ಸಂಗೀತ, ಈ ನಾಲ್ಕರಲ್ಲಿಯೂ ಮೊದಲಿಗಳಾಗಿದ್ದೇನೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಸಂಕೋಚ ನನ್ನ ಸ್ವಭಾವದಲ್ಲಿ ಇಲ್ಲವೆಂಬುದನ್ನು ನನ್ನ ಸಹಪಾಠಿಗಳು ಏಳು ವರ್ಷಗಳಿಂದ ಸಹಿಸಿಕೊಂಡು ಬಂದಿದ್ದಾರೆ. ನಮ್ಮ ಅತ್ತೆಯಂತೂ, "ಓದೀ ಓದೀ ಇವಳ ಮೂಗು ಎಷ್ಟು ಮೇಲಕ್ಕೆ ಹೋಗಿದೆ ಅಂದ್ರೆ, ಮಳೆ ಬಂದ್ರೆ ಒಳಗೆ ನೀರು ತುಂಬ್ಕೊಳ್ಳುತ್ತೆ" ಎನ್ನುತ್ತಿದ್ದರು. ನಗಬಹುದು, ಅತ್ತೆಯೂ ನಗುತ್ತಿದ್ದಾರೆ.

ಆದರೆ ಇಂದಿನ ಸಭೆ ನನಗೆ ಸಂದ ಗೌರವಕ್ಕಿಂತ ಹೆಚ್ಚಾಗಿ ನನ್ನ ಅಜ್ಜ ಕಿತಿಯೋನಿ ಹೇಮಾಲೋತೊ ಅವರಿಗೆ ಸಲ್ಲುವ ಗೌರವಕ್ಕಾಗಿ ಸೇರಿದೆ. ಮೂವತ್ತೊಂದು ವರ್ಷ ಈ ಕಾಲೇಜಿನ ಗಾಯನವೃಂದಕ್ಕೂ ನಮ್ಮ ಊರಿನ ಚರ್ಚಿನ ಗಾಯನವೃಂದಕ್ಕೂ ಹಾಡು ಕಟ್ಟಿದವರು ಅವರು. ಈ ಸಭಾಂಗಣದಲ್ಲಿ ಅವರ ಹಾಡನ್ನು ಒಮ್ಮೆಯೂ ಹಾಡದವರು ಯಾರಾದರೂ ಇದ್ದರೆ ಕೈ ಎತ್ತಿ. ಯಾರೂ ಎತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರ ಬೈಗುಳ ತಿನ್ನದವರು ಇದ್ದರೆ ಎತ್ತಿ. ಅಲ್ಲಿಯೂ ಅಷ್ಟೇ. ಹಿಂದಿನ ಸಾಲುಗಳಲ್ಲಿ ಕುಳಿತಿರುವ ಕೆಳದನಿಯ ಗಂಡಸರಿಗೆ ಅವರು ಹೇಳುತ್ತಿದ್ದ ಮಾತು ಇನ್ನೂ ನೆನಪಿರಬೇಕು: "ಏನ್ರಪ್ಪಾ, ಇಡೀ ಹಂದಿ ತಿಂದು ಮಗ್ಗುಲಾದೋರ ಹಾಗೆ ಹಾಡ್ತೀರಲ್ಲ. ಎದ್ದು ಕೂತ್ಕೊಳ್ಳಿ, ದೇವರು ಕೇಳಿಸ್ಕೊಳ್ತಿದ್ದಾನೆ."

ಅಜ್ಜನ ಕೆಲಸದ ರೀತಿ ನಿಮಗೆಲ್ಲ ತಿಳಿದದ್ದೇ. ಅವರು ಕಾಗದದ ಮೇಲೆ ಒಂದು ಸ್ವರವನ್ನೂ ಬರೆದವರಲ್ಲ. ನಮ್ಮ ಮನೆಯ ಪಕ್ಕದ ಅಭ್ಯಾಸದ ಚಪ್ಪರದಲ್ಲಿ, ಹಳೆಯ ಪ್ರಾಥಮಿಕ ಶಾಲೆಯವರು ಬಿಟ್ಟುಕೊಟ್ಟ ಕರಿಹಲಗೆಯೊಂದಿದೆ. ಅದರ ಮೇಲೆ ನಮ್ಮ ಹಿರಿಯರ ಪದ್ಧತಿಯಂತೆ ಸ್ವರಗಳನ್ನು ಅಂಕಿಗಳಲ್ಲಿ ಬರೆಯುತ್ತಿದ್ದರು: ಮೂರರಿಂದ ಒಂಬತ್ತರವರೆಗೆ ಏಳು ಸ್ವರ, ಒಂದರ ಕೆಳಗೊಂದು ನಾಲ್ಕು ಸಾಲು, ಸಾಲಿಗೊಂದು ದನಿ. ಹೆಂಗಸರ ಮೇಲುದನಿ, ಅದರ ಕೆಳಗೆ ಹೆಂಗಸರದೇ ನಡುದನಿ, ಆಮೇಲೆ ಗಂಡಸರು ಹಾಡುವ ಮುಖ್ಯ ರಾಗ, ಎಲ್ಲಕ್ಕೂ ಕೆಳಗೆ ಕೆಳದನಿ. ಅವರವರ ಸಾಲನ್ನು ಅವರವರಿಗೆ ಮಾತ್ರ ಬೇರೆಯಾಗಿ ಕೂರಿಸಿ ಹೇಳಿಕೊಡುತ್ತಿದ್ದರು. ಇನ್ನೊಬ್ಬರ ಸಾಲನ್ನು ಓದುವುದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಂತೆ. ಸಾಲು ಕಂಠಕ್ಕೆ ಇಳಿದ ಮೇಲೆ ಕಲಿತವರೇ ಎದ್ದು ಹೋಗಿ, ತೆಂಗಿನ ನಾರಿನ ಉಂಡೆಯಿಂದ ತಮ್ಮ ಸಾಲನ್ನು ಒರೆಸಬೇಕು. ಒರೆಸಿದರೆಂದರೆ ಕಲಿತರೆಂದು ಅರ್ಥ. ಬೇರೆ ಪರೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ. ನಾಲ್ಕೂ ಸಾಲು ಒರೆಸಿ ಹಲಗೆ ಕಪ್ಪಗಾದ ದಿನ ಹಾಡು ಸಿದ್ಧವಾಯಿತೆಂದು ಲೆಕ್ಕ.

ಎಂಟು ವರ್ಷದವಳಿದ್ದಾಗ ನಾನು ಕೇಳಿದ್ದೆ, ಎಣಿಕೆ ಮೂರರಿಂದ ಏಕೆ ಆರಂಭವಾಗುತ್ತದೆ, ಒಂದೂ ಎರಡೂ ಎಲ್ಲಿ ಹೋದವು ಎಂದು. ಈ ಪ್ರಶ್ನೆಗೆ ಅವರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಪಾದ್ರಿಗಳಿಗೆ ಬೈಬಲಿನ ಯಾವುದೋ ವಾಕ್ಯ ಹೇಳಿದ್ದರಂತೆ. ನನಗೆ ಹೇಳಿದ್ದು ಇಷ್ಟೇ: "ಒಬ್ಬರಿದ್ರೆ ಗುನುಗು, ಇಬ್ಬರಿದ್ರೆ ಹರಟೆ. ಹಾಡು ಅನ್ನಿಸ್ಕೋಬೇಕಾದ್ರೆ ಮೂರು ಜನನಾದ್ರೂ ಬೇಕು ಮಗೂ."

ಇಲ್ಲಿಗೆ ತಿದ್ದಿಕೊಟ್ಟ ಪ್ರತಿಯ ಎರಡು ಪುಟಗಳು ಮುಗಿದವು. ಮೂರನೆಯ ಪುಟದಲ್ಲಿ ಶಿಸ್ತಿನ ಬಗ್ಗೆ ಕೆಲವು ಒಳ್ಳೆಯ ಮಾತುಗಳಿವೆ. ಪ್ರಾಂಶುಪಾಲರು ಕ್ಷಮಿಸಬೇಕು, ನಾನು ಅದನ್ನು ಮಡಿಸಿಡುತ್ತಿದ್ದೇನೆ. ಅದರ ಬದಲು ನನ್ನ ತಾಯಿಯ ಬಗ್ಗೆ ಮಾತನಾಡಬೇಕಾಗಿದೆ.

ನನ್ನ ತಾಯಿ ಸೂಲಿಯಾ ಇದೇ ಕಾಲೇಜಿನ ವಿದ್ಯಾರ್ಥಿನಿ. ಪಕ್ಕದ ದ್ವೀಪದಿಂದ ಓದಲು ಬಂದವರು, ಗಾಯನವೃಂದದ ನಡುದನಿಯಲ್ಲಿ ನಿಂತವರು, ಅಲ್ಲಿಂದ ನೇರವಾಗಿ ಗುರುವಿನ ಮನೆಗೆ ಸೊಸೆಯಾಗಿ ಬಂದವರು. ನಡುದನಿಯನ್ನು ಯಾರೂ ಗುರುತಿಸುವುದಿಲ್ಲ. ಅದು ಇದ್ದಾಗ ಕೇಳಿಸದು, ಇಲ್ಲದಿದ್ದಾಗ ಮಾತ್ರ ಏನೋ ಟೊಳ್ಳು ಎನ್ನಿಸುತ್ತದೆ. ಮನೆಯಲ್ಲಿ ಅಮ್ಮನ ಕೆಲಸವೂ ಅದೇ ಆಗಿತ್ತು.

ನಮ್ಮಲ್ಲಿ ಎಲ್ಲ ಮನೆಗಳಲ್ಲಿರುವಂತೆ, ನನ್ನ ಅಪ್ಪ ಸೇಮಿಸಿಯೂ ಅತ್ತೆಯೂ ಬುದ್ಧಿ ಬಂದ ದಿನದಿಂದ ಒಂದೇ ಕೋಣೆಯಲ್ಲಿ ಕುಳಿತು ಹರಟಿದವರಲ್ಲ. ಅಕ್ಕ ತಮ್ಮಂದಿರ ನಡುವಿನ ಗೌರವ ಅದನ್ನು ಬಿಡುವುದಿಲ್ಲ. ಅತ್ತೆ ಅಂಗಳದಲ್ಲಿ ನಿಂತು, ಮೂರು ಮಾರು ದೂರದಲ್ಲಿ ಬಲೆ ಹೊಲಿಯುತ್ತಿದ್ದ ಅಪ್ಪನಿಗೆ ಸ್ಪಷ್ಟವಾಗಿ ಕೇಳಿಸುವಂತೆ, "ಸೂಲಿಯಾ, ನಿನ್ನ ಗಂಡನಿಗೆ ಹೇಳು, ನನ್ನ ಅಡುಗೆಮನೆ ಸೋರ್ತಿದೆ ಅಂತ" ಎನ್ನುವರು. ಅಮ್ಮ ಅಪ್ಪನ ಬಳಿಗೆ ಬಂದು ಅದನ್ನೇ ಹೇಳುವವರೆಗೆ ಅಪ್ಪನಿಗೆ ಏನೂ ಕೇಳಿಸಿರುವುದಿಲ್ಲ. ಆಮೇಲೆ ಅಪ್ಪ, "ಅಕ್ಕನಿಗೆ ಹೇಳು, ಶನಿವಾರ ಬರ್ತೀನಿ" ಎನ್ನುವರು. ಅಮ್ಮ ಹಿಂದಿರುಗಿ ಅದನ್ನು ಒಪ್ಪಿಸುವರು. ಆದರೆ ಹಾಗೆಯೇ ಒಪ್ಪಿಸುತ್ತಿರಲಿಲ್ಲ; ಅಪ್ಪ ಹೇಳದ ಒಂದು ಮಾತನ್ನು ಸೇರಿಸುತ್ತಿದ್ದರು. "ನಿಮ್ಮ ಮಂಡಿನೋವು ಹೇಗಿದೆ ಅಂತ ಕೇಳಿದ್ರು" ಎಂದೋ, "ನಿಮ್ಮ ಕೈಯ ಕೆಸುವಿನೆಲೆ ಅಡುಗೆ ನೆನಪಾಗ್ತಿದೆಯಂತೆ" ಎಂದೋ. ಅಪ್ಪ ಹಾಗೆ ಹೇಳಿಯೇ ಇರಲಿಲ್ಲವೆಂದು ಅತ್ತೆಗೆ ಗೊತ್ತಿತ್ತು. ಮೂರು ಮಾರು ದೂರವಷ್ಟೇ. ಆದರೂ ಸಂಜೆ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ ನಮ್ಮ ಮನೆಗೆ ಬರುತ್ತಿತ್ತು.

ಮೂರು ವರ್ಷಗಳ ಹಿಂದೆ ಅಮ್ಮ ತೀರಿಕೊಂಡರು. ಅವರ ಸಮಾಧಿಗೆ ಕರಿಕಲ್ಲುಗಳನ್ನು ಹಾಸಿದ ದಿನ ಅಜ್ಜ ಹಾಡಲಿಲ್ಲ. ಊರಿನ ಎಲ್ಲರ ಸಾವಿಗೂ ಹಾಡು ಕಟ್ಟಿದವರು ತಮ್ಮ ಸೊಸೆಗೆ ಒಂದು ಸಾಲನ್ನೂ ಕಟ್ಟಲಿಲ್ಲವಲ್ಲ ಎಂದು ಜನ ಆಡಿಕೊಂಡರು. ಆಕ್ಲೆಂಡಿನಿಂದ ಬಂದಿದ್ದ ನನ್ನ ಚಿಕ್ಕಪ್ಪ ಉಹಿಲಾ ಕೂಡ ಆಡಿಕೊಂಡವರಲ್ಲಿ ಒಬ್ಬರು. ಅತ್ತೆಯ ಮತ್ತು ಅಪ್ಪನ ನಡುವಿನ ಮಾತುಗಳು ಅಂದಿನಿಂದ ನನ್ನ ಮೂಲಕ ಹೋಗತೊಡಗಿದವು. ನಾನು ಪುಸ್ತಕದಿಂದ ತಲೆ ಎತ್ತದೆ ಅವುಗಳನ್ನು ಸಾಗಿಸಿದೆ. ಹೇಳಿದ್ದನ್ನಷ್ಟೇ ಹೇಳಿದೆ, ಯಾವ ಮಾತನ್ನೂ ಸೇರಿಸಲಿಲ್ಲ. ಕೆಲವನ್ನು ಮರೆತೆ. ಕ್ರಮೇಣ ಅವರು ಹೇಳುವುದನ್ನೇ ಕಡಿಮೆ ಮಾಡಿದರು. ಕೆಸುವಿನೆಲೆ ಬರುವುದು ನಿಂತಿತು. ಅದಕ್ಕೂ ನನಗೂ ಸಂಬಂಧವಿದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಕಳೆದ ವರ್ಷ ಜೂನ್ ತಿಂಗಳಿನಲ್ಲಿ ಅಜ್ಜ ಹಲಗೆಯ ಮೇಲೆ ಅಮ್ಮನಿಗಾಗಿ ನಾಲ್ಕು ಸಾಲು ಬರೆದರು. ಅದನ್ನು ಗಾಯನವೃಂದಕ್ಕೆ ಕೊಡಲಿಲ್ಲ. ಮನೆಯ ನಾಲ್ವರಿಗೆ ಹಂಚಿದರು. ಮೇಲುದನಿಯನ್ನು ಅತ್ತೆಗೆ ಅವರ ಅಡುಗೆಮನೆಯಲ್ಲಿ ಕಲಿಸಿದರು. ಮುಖ್ಯ ರಾಗವನ್ನು ಅಪ್ಪನಿಗೆ ದೋಣಿಯ ಕೊಟ್ಟಿಗೆಯಲ್ಲಿ ಕಲಿಸಿದರು. ಕೆಳದನಿಯನ್ನು ಚಿಕ್ಕಪ್ಪನಿಗೆ ಭಾನುವಾರಗಳಂದು ಫೋನಿನಲ್ಲಿ ಕಲಿಸಿದರು. ಜುಲೈ ಕೊನೆಗೆ ಅತ್ತೆ ಬಂದು ತಮ್ಮ ಸಾಲನ್ನು ಒರೆಸಿದರು. ಆಗಸ್ಟಿನಲ್ಲಿ ಅಪ್ಪ ಒರೆಸಿದರು. ಅದಾದ ಎರಡನೆಯ ಭಾನುವಾರ ಚಿಕ್ಕಪ್ಪ ಫೋನಿನಲ್ಲಿ, "ಅಪ್ಪಾ, ನಂದು ನೀನೇ ಒರೆಸಿಬಿಡು" ಎಂದರು. ಆಮೇಲೆ ಮಾತು ನಿಲ್ಲಿಸಿ ಅತ್ತರು. ಅಜ್ಜ ಫೋನನ್ನು ಹಲಗೆಯ ಬಳಿ ಹಿಡಿದು, ಒರೆಸುವ ಸದ್ದನ್ನು ಮಗನಿಗೆ ಕೇಳಿಸಿದರು.

ಉಳಿದದ್ದು ಒಂದು ಸಾಲು, ನಡುದನಿ. ಅದು ನನ್ನದು.

ಪ್ರತಿದಿನ ಮಧ್ಯಾಹ್ನ ಅಜ್ಜ ಚಪ್ಪರದಿಂದ ಕರೆಯುತ್ತಿದ್ದರು. "ಪಿಸೀಲಾ, ಬರ್ತೀಯೋ, ಇಲ್ಲ ನಿನ್ನ ಲೆಕ್ಕಗಳೇ ನಿಂಗೆ ಹಾಡು ಹೇಳ್ಕೊಡ್ತಾವೋ?" ನಾನು ನಾಳೆ ಎನ್ನುತ್ತಿದ್ದೆ. ಆ ವರ್ಷದ ಪರೀಕ್ಷೆಗೆ ಎರಡು ತಿಂಗಳಿತ್ತು. ಅದೇ ವರ್ಷ ಕಾಲೇಜಿನಲ್ಲಿ ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಸ್ವರಲಿಪಿಯನ್ನು ಕಲಿತಿದ್ದೆ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕಲಿತವಳೂ ನಾನೇ. ಒಂದು ದಿನ ಅಜ್ಜನಿಗೆ ಹೇಳಿದೆ, ನಿಮ್ಮ ಈ ಅಂಕಿಗಳನ್ನು ನಮ್ಮ ದ್ವೀಪಗಳ ಆಚೆ ಯಾರೂ ಓದಲಾರರು, ಇದರಲ್ಲಿ ಬರೆದದ್ದು ಇಲ್ಲಿಯೇ ಸಾಯುತ್ತದೆ ಎಂದು. ಅಜ್ಜ ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ನಾವೂ ಇಲ್ಲೇ ಅಲ್ವೇನೇ ಸಾಯೋದು" ಎಂದರು. ಅದು ಬರೀ ಮಾತಿನ ಜಾಣತನವೆಂದುಕೊಂಡು ನಾನು ಒಳಗೆ ಹೋದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಜ್ಜ ಊರಿನ ಸಭೆಗೆ ಹೋಗಿದ್ದರು. ಮನೆಯೊಳಗೆ ಸೆಕೆ, ಚಪ್ಪರದಲ್ಲಿ ಗಾಳಿ. ಕಲನಶಾಸ್ತ್ರದ ಒಂದು ಸಮಸ್ಯೆ ಮೂರು ದಿನಗಳಿಂದ ನನ್ನನ್ನು ಕಾಡುತ್ತಿತ್ತು. ಅದನ್ನು ದೊಡ್ಡದಾಗಿ ಬರೆದು ನೋಡಬೇಕೆನ್ನಿಸಿತು. ಹಲಗೆಯ ಮಧ್ಯದಲ್ಲಿ ಆ ಒಂದು ಸಾಲು ಅಡ್ಡವಾಗಿತ್ತು. ತೆಂಗಿನ ನಾರು ತೆಗೆದುಕೊಂಡು ಒರೆಸಿದೆ.

ನಿಯಮ ನನಗೆ ತಿಳಿದಿರಲಿಲ್ಲವೇ? ಈ ಪ್ರಶ್ನೆಯನ್ನು ಒಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ತಿಳಿದಿತ್ತು. ಒರೆಸುವಾಗ ನೆನಪಿರಲಿಲ್ಲವೇ? ಇತ್ತು. ಅಜ್ಜ ಇನ್ನೊಮ್ಮೆ ಬರೆದುಕೊಳ್ಳುತ್ತಾರೆ, ಅವರಿಗೆ ಬೇರೆ ಕೆಲಸವೇನಿದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಾನೇ.

ಸಮಸ್ಯೆ ಬಗೆಹರಿಯಿತು. ಕೊನೆಯ ಗೆರೆ ಬರೆಯುತ್ತಿದ್ದಾಗ ಹಿಂದೆ ಅಜ್ಜ ಬಂದು ನಿಂತಿದ್ದರು. ಬೈಯುತ್ತಾರೆಂದು ತಿರುಗಿದೆ. ಅವರ ಮುಖದಲ್ಲಿ ಅಮ್ಮ ಹೋದಂದಿನಿಂದ ನಾನು ಕಾಣದಿದ್ದ ಒಂದು ಬೆಳಕಿತ್ತು.

"ಕಲಿತ್ಬಿಟ್ಯಾ ಮಗೂ?" ಎಂದು ಕೇಳಿದರು. "ನಾನು ಹೇಳ್ಕೊಡದೇನೇ, ನೋಡ್ಕೊಂಡೇ ಕಲಿತ್ಬಿಟ್ಯಾ?"

ನಾನು ಹೌದು ಎಂದೆ.

ಸಭಿಕರೇ, ನನ್ನ ಪದಕದ ಮೇಲಿನ ನಾಲ್ಕು ವಿಷಯಗಳಲ್ಲಿ ಒಂದೂ ಸುಳ್ಳಿನಿಂದ ಬಂದದ್ದಲ್ಲ. ಈ ಒಂದು ಪರೀಕ್ಷೆಯಲ್ಲಿ ಮಾತ್ರ ನಾನು ಉತ್ತರ ಬರೆಯದೆಯೇ ತೇರ್ಗಡೆಯಾದೆ.

ಒಂದು ಸಲ ಹಾಡಿ ತೋರಿಸು ಎಂದು ಅಜ್ಜ ಕೇಳಿದರು. ಎಲ್ಲರೂ ಸೇರಿದ ದಿನವೇ ಹಾಡುತ್ತೇನೆ, ಈಗ ಹಾಡಿದರೆ ಹಳತಾಗುತ್ತದೆ ಎಂದೆ. ಅವರು ತೊಡೆ ತಟ್ಟಿಕೊಂಡು ನಕ್ಕರು. "ಥೇಟ್ ಸೂಲಿಯಾ. ಅವಳೂ ಹಿಂಗೇ, ಮೊದಲೇ ಹಾಡು ಅಂದ್ರೆ ಬಾಯಿ ಬಿಡ್ತಿರಲಿಲ್ಲ." ನನ್ನ ಸಮೀಕರಣಗಳನ್ನು ಹಲಗೆಯಿಂದ ಒರೆಸಲು ಹೋದಾಗ ನನ್ನ ಕೈ ಹಿಡಿದರು. ಬಿಡು, ಅದೂ ನೀನು ಕಲಿತದ್ದೇ ಅಲ್ಲವೇ ಎಂದರು. ಆ ವಾರ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಆಕ್ಲೆಂಡಿಗೆ ಫೋನು ಮಾಡಿ ಹೇಳಿದರು. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದರು: ಹಲಗೆ ಕಪ್ಪಗಾಯಿತು.

ಪರೀಕ್ಷೆ ಮುಗಿದ ದಿನ ನಿಜ ಹೇಳಿಬಿಡುವುದೆಂದು ತೀರ್ಮಾನಿಸಿದ್ದೆ. ನಾನು ಮನೆಗೆ ಬಂದಾಗ ಅಜ್ಜ ಗೆಳೆಯರೊಡನೆ ಕಾವ ಬೇರಿನ ಪಾನಕ ಕುಡಿಯುತ್ತ ಕುಳಿತಿದ್ದರು. "ನೋಡ್ರೋ, ನಮ್ಮ ನಡುದನಿ ಬಂತು" ಎಂದು ಎಲ್ಲರಿಗೂ ತೋರಿಸಿದರು. ಅಷ್ಟು ಜನ ಗಂಡಸರ ಮುಂದೆ ಹೇಗೆ ಹೇಳುವುದು? ಅದು ಗುರುವಾರ. ಶುಕ್ರವಾರ ಅವರು ನೆಂಟರೊಬ್ಬರ ಮದುವೆಯ ಹಾಡಿಗೆ ಹೋದರು. ಶನಿವಾರ ಬೆಳಗ್ಗೆ ಕೆಸುವಿನ ತೋಟದಲ್ಲಿ ಬಿದ್ದವರು ಮತ್ತೆ ಏಳಲಿಲ್ಲ.

ಈ ಒಂದು ವರ್ಷದಲ್ಲಿ ನಾನು ಏನು ಮಾಡಿದೆ? ಮೊದಲು ಕದಿಯಲು ನೋಡಿದೆ. ಮಾತಿನ ನಡುವೆ ಸುಮ್ಮನೆ ಕೇಳುವವಳಂತೆ, ನನ್ನ ಸಾಲು ಹೇಗೆ ಆರಂಭವಾಗುತ್ತದೆಂದು ನಿಮಗೆ ನೆನಪಿದೆಯೇ ಎಂದು ಅಪ್ಪನನ್ನು ಕೇಳಿದೆ. "ನಿನ್ನ ಸಾಲು ನಂಗ್ಯಾಕಮ್ಮ ಗೊತ್ತಿರುತ್ತೆ" ಎಂದರು, ಬಲೆಯಿಂದ ಕಣ್ಣು ತೆಗೆಯದೆ. ಆಮೇಲೆ ಲೆಕ್ಕ ಹಾಕಿದೆ. ಅಪ್ಪ ದೋಣಿಯಲ್ಲಿ ಗುನುಗುವುದನ್ನು ಕೇಳಿ ಮುಖ್ಯ ರಾಗವನ್ನು ಬರೆದುಕೊಂಡೆ. ಅತ್ತೆ ಚಾಪೆ ಹೆಣೆಯುವಾಗ ಬೇಲಿಯ ಈಚೆ ಕುಳಿತು ಮೇಲುದನಿಯನ್ನು ಬರೆದುಕೊಂಡೆ. ಚಿಕ್ಕಪ್ಪನಿಂದ ಫೋನಿನಲ್ಲಿ ಕೆಳದನಿಯನ್ನು ಹಾಡಿಸಿಕೊಂಡೆ. ಮೂರು ದನಿ ತಿಳಿದಿದ್ದರೆ ನಾಲ್ಕನೆಯದನ್ನು ಕಂಡುಹಿಡಿಯುವುದು ಕಷ್ಟವಲ್ಲವೆಂದು ನಮ್ಮ ಸಂಗೀತದ ಶಿಕ್ಷಕಿ ತರಗತಿಯಲ್ಲಿ ಹೇಳಿದ್ದರು, ಮತ್ತು ಅದು ನಿಜ. ಒಂದು ಅವ್ಯಕ್ತವಿರುವ ಸಮೀಕರಣದಂತೆಯೇ. ನಾನು ಅದನ್ನು ಬಿಡಿಸಿದೆ. ಏಳು ಉತ್ತರಗಳು ಬಂದವು. ಏಳೂ ಸರಿ, ನಿಯಮದ ಪ್ರಕಾರ ಒಂದು ತಪ್ಪನ್ನೂ ಯಾರೂ ತೋರಿಸಲಾರರು. ಆದರೆ ಒಂದೂ ಅಜ್ಜನದಲ್ಲ. ಹೇಗೆ ಗೊತ್ತು ಎಂದು ಕೇಳಬೇಡಿ. ಅವುಗಳಲ್ಲಿ ಅಮ್ಮ ಎಲ್ಲಿಯೂ ಇರಲಿಲ್ಲ.

ಹಾಗಿದ್ದರೂ ಇಂದು ಬೆಳಗಿನವರೆಗೆ, ಆ ಏಳರಲ್ಲಿ ನಾಲ್ಕನೆಯದನ್ನು ಹಾಡಿ ಮುಗಿಸುವುದೆಂದೇ ನಿರ್ಧರಿಸಿದ್ದೆ. ಯಾರಿಗೆ ತಿಳಿಯುತ್ತಿತ್ತು? ನಿಮ್ಮ ಕೈಯಲ್ಲಿರುವ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿದೆ: ಈ ಭಾಷಣದ ನಂತರ ಕಿತಿಯೋನಿ ಹೇಮಾಲೋತೊ ಅವರ ಕೊನೆಯ ಸ್ತೋತ್ರ, ಅವರ ಕುಟುಂಬದವರಿಂದ, ನಡುದನಿ ಪಿಸೀಲಾ. ಚಿಕ್ಕಪ್ಪ ಇದಕ್ಕಾಗಿಯೇ ನಿನ್ನೆ ವಿಮಾನದಲ್ಲಿ ಬಂದಿಳಿದರು.

ಬೆಳಗ್ಗೆ ಅತ್ತೆಯವರ ಚಾಪೆಗೆ ಹಗ್ಗ ಬಿಗಿಯುತ್ತಿದ್ದೆ. ಅಜ್ಜ ಹೋಗಿ ಇಂದಿಗೆ ಒಂದು ವರ್ಷ. ನಾಳೆಯಿಂದ ಅತ್ತೆ ಈ ಚಾಪೆಯನ್ನು ಸುತ್ತುವುದಿಲ್ಲ. ಅವರು ನನಗೆ ಬೆನ್ನು ಮಾಡಿ ನಿಂತು, ಗೋಡೆಗೆ ಹೇಳುವಂತೆ ಹೇಳಿದರು: "ಮೂರು ವರ್ಷ ಆಯ್ತು ನಿನ್ನ ಅಪ್ಪನ ಹತ್ರ ಸರಿಯಾಗಿ ನಾಲ್ಕು ಮಾತಾಡಿ. ಮಾತು ಮುಟ್ಟಿಸೋಳೇ ಹೋದ್ಲು. ಇವತ್ತು ಅವಳು ನಮ್ಮಿಬ್ಬರ ಮಧ್ಯೆ ಬಂದು ನಿಲ್ತಾಳಲ್ಲ, ಸಾಕು."

ನನ್ನ ಕೈಯಲ್ಲಿದ್ದ ಹಗ್ಗ ಅಲ್ಲಿಯೇ ನಿಂತಿತು. ನಾನು ಹಾಡಲು ಹೊರಟಿದ್ದ ಸಾಲು ಅಮ್ಮನ ಬಾಯಲ್ಲಿ ನಾನು ಇಡುತ್ತಿದ್ದ ನನ್ನ ಮಾತಾಗಿತ್ತು. ಅಪ್ಪ ಹೇಳದ ಮಾತನ್ನು ಅಮ್ಮ ಸೇರಿಸಿದ್ದರಲ್ಲ, ಇದೂ ಹಾಗೆಯೇ ಅಲ್ಲವೇ ಎಂದು ನನ್ನ ಜಾಣತನ ವಾದಿಸಿತು. ಅಲ್ಲ. ಅಮ್ಮ ಸೇರಿಸಿದ್ದು ಅವರಿಬ್ಬರಿಗಾಗಿ. ನಾನು ಸೇರಿಸುತ್ತಿದ್ದದ್ದು ನನ್ನ ಮರ್ಯಾದೆಗಾಗಿ.

ಅತ್ತೆ, ಆ ಸಾಲು ನನಗೆ ಬರುವುದಿಲ್ಲ. ಅಪ್ಪ, ನಾನು ಕಲಿತಿರಲಿಲ್ಲ. ಚಿಕ್ಕಪ್ಪ, ಹಲಗೆ ಕಪ್ಪಗಾಗಿರಲಿಲ್ಲ. ನಾನು ನಾಲ್ಕನೆಯ ಅಪ್ಪಣೆಯನ್ನು ಬೇಡಿದ್ದು ಇದನ್ನು ಹೇಳುವುದಕ್ಕೆ. ಮನೆಯಲ್ಲಿ ಹೇಳಬಹುದಿತ್ತು. ಆದರೆ ಅಜ್ಜ ನನ್ನ ಸುಳ್ಳನ್ನು ಊರಿಗೆಲ್ಲ ಸಾರಿದ್ದರು. ನಿಜವನ್ನು ಅದಕ್ಕಿಂತ ಕಡಿಮೆ ಜನರ ಮುಂದೆ ಹೇಳುವುದು ನ್ಯಾಯವಲ್ಲ ಎನ್ನಿಸಿತು.

ಇನ್ನೊಂದೇ ಮಾತು. ಬೆಳಗ್ಗೆ ಇಲ್ಲಿಗೆ ಹೊರಡುವ ಮುನ್ನ ಚಪ್ಪರಕ್ಕೆ ಹೋದೆ. ನನ್ನ ಸಮೀಕರಣಗಳು ಇನ್ನೂ ಅಲ್ಲಿದ್ದವು, ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಅವುಗಳನ್ನು ಒರೆಸಿದೆ. ಬಲತುದಿಯಲ್ಲಿ, ಹಲಗೆಯ ಮರದ ಅಂಚಿಗೆ ತೆಂಗಿನ ನಾರು ತಾಗದ ಜಾಗದಲ್ಲಿ, ಅರ್ಧ ಬೆರಳಿನಷ್ಟು ಸೀಮೆಸುಣ್ಣ ಉಳಿದಿತ್ತು. ಅಜ್ಜನ ಕೈಬರಹದ ಐದು. ಸಾಲಿನ ಕೊನೆಯ ಸ್ವರ. ನನ್ನ ಏಳು ಉತ್ತರಗಳಲ್ಲಿ ಒಂದೂ ಐದರಲ್ಲಿ ಮುಗಿದಿರಲಿಲ್ಲ.

ಅದನ್ನು ಒರೆಸದೆ ಬಂದಿದ್ದೇನೆ.

ಪ್ರಾಂಶುಪಾಲರಲ್ಲಿಯೂ ನನ್ನ ಹಿರಿಯರಲ್ಲಿಯೂ ನನ್ನ ಬೇಡಿಕೆ ಒಂದೇ. ಸ್ತೋತ್ರವನ್ನು ಪಟ್ಟಿಯಿಂದ ತೆಗೆಯಬೇಡಿ. ಹಾಡಲು ಮೂವರು ಸಾಕೆಂದು ಅಜ್ಜನೇ ಹೇಳಿದ್ದರು. ಅತ್ತೆ, ಅಪ್ಪ, ಚಿಕ್ಕಪ್ಪ ಹಾಡಲಿ. ಅತ್ತೆಗೂ ಅಪ್ಪನಿಗೂ ನಡುವೆ ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಾನು ಬಾಯಿ ಮುಚ್ಚಿ ನಿಲ್ಲುತ್ತೇನೆ. ಹಾಡು ಅಲ್ಲಲ್ಲಿ ಟೊಳ್ಳೆನ್ನಿಸಿದರೆ ಅದು ಅಜ್ಜನ ತಪ್ಪಲ್ಲ, ಹಾಡುವವರ ತಪ್ಪೂ ಅಲ್ಲವೆಂದು ನಿಮಗೆ ಈಗ ತಿಳಿದಿದೆ. ಕೊನೆಯ ಸ್ವರ ಬಂದಾಗ ಮಾತ್ರ ನಾನು ಹಾಡುತ್ತೇನೆ. ನನಗೆ ಬರುವುದು ಅಷ್ಟೇ.

ನನ್ನನ್ನು ಓದಿಸಿದ ಈ ಕಾಲೇಜಿಗೆ, ಪದಕ ತೊಡಿಸಿದ ಒಡೆಯರಿಗೆ, ಮೂವತ್ತೊಂದು ವರ್ಷ ಅಜ್ಜನ ಹಾಡಿಗೆ ದನಿಯಾದ ನಿಮಗೆಲ್ಲರಿಗೂ ನಾನು ಋಣಿ. ಮೊದಲ ಸಾಲಿನಲ್ಲಿ ಅತ್ತೆ ಎದ್ದು ನಿಂತಿದ್ದಾರೆ. ಅಪ್ಪ ಇರುವ ಕಡೆಗೆ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾರೆ. ಅವರು ಏನು ಹೇಳುತ್ತಿದ್ದಾರೆಂದು ಇಲ್ಲಿಗೂ ಕೇಳಿಸುತ್ತಿದೆ: "ಪಿಸೀಲಾ, ನಿನ್ನ ಅಪ್ಪನಿಗೆ ಹೇಳು, ಶುರು ಮಾಡು ಅಂತ."

ಅಪ್ಪ, ಶುರು ಮಾಡಬೇಕಂತೆ. ನಿಮ್ಮ ಪಕ್ಕದಲ್ಲಿ ನಿಂತು ಹಾಡಿ ಬಹಳ ದಿನಗಳಾದವಂತೆ.

ಎಲ್ಲರಿಗೂ ನಮಸ್ಕಾರ.